ಮೇಜಿನ ಅಂಚಿನ ಕೆಳಗಿಂದ

ಮಾರ್ಚ್ ೧೪, ಗುರುವಾರ ಮಧ್ಯಾಹ್ನ

ಪ್ರೀತಿಯ ‘ಇವರಿಗೆ’,

ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿಮ್ಮ ಕಾಗದ ಬಂದು ಎಷ್ಟೋ ದಿನವಾಯಿತು, ಉತ್ತರ ಇವತ್ತು ಬರೆಯುತ್ತಿದ್ದೇನೆ. ಬೈದುಕೊಳ್ಳಬೇಡಿ. ಬರೆಯಲು ಕೂತಾಗಲೆಲ್ಲ, ಹೇಗೂ ಫೋನಿನಲ್ಲಿ ಮಾತಾಡುತ್ತೇವಲ್ಲ, ಬರೆಯುವುದಕ್ಕೆ ಇನ್ನೇನಿದೆ ಅನ್ನಿಸಿ ಪೆನ್ನು ಕೆಳಗಿಡುತ್ತಿದ್ದೆ. ಆದರೆ ಫೋನಿನಲ್ಲಿ ನಾವು ಮಾತಾಡುವುದಾದರೂ ಏನನ್ನು? ಗ್ಯಾಸ್ ಬಂತಾ, ನಲ್ಲಿ ಸೋರೋದು ನಿಂತಿತಾ, ಊಟ ಆಯ್ತಾ. ಆಮೇಲೆ ನಿಮ್ಮ ಕಡೆ ಗಾಳಿಯ ಸದ್ದು, ನನ್ನ ಕಡೆ ಫ್ರಿಜ್ಜಿನ ಸದ್ದು. ‘ಸರಿ ಹಾಗಾದ್ರೆ’ ಎಂದು ಯಾರಾದರೊಬ್ಬರು ಹೇಳಿದರೆ ಅಲ್ಲಿಗೆ ಮುಗಿಯಿತು.

ಹೊಸ ಸೇತುವೆಗೆ ನಡುವಿನ ಕಮಾನು ಏರಿತೆಂದು ಬರೆದಿದ್ದಿರಿ. ಓದಿ ಸಂತೋಷವಾಯಿತು. ಕ್ರೇನಿನ ಕ್ಯಾಬಿನ್ನಿನಲ್ಲಿ ಆ ಪಾಟಿ ಚಳಿಯಿದ್ದರೆ ಸ್ವೆಟರ್ ಹಾಕಿಕೊಳ್ಳಿ. ಪೆಟ್ಟಿಗೆಯಲ್ಲಿ ಮಡಚಿಟ್ಟು ಪೂಜೆ ಮಾಡಲಿ ಎಂದು ನಾನು ಅದನ್ನು ಹೆಣೆದು ಕೊಟ್ಟಿಲ್ಲ.

ನಮ್ಮ ಅಂಗಡಿ ಹಾಗೇ ನಡೆದಿದೆ. ಅದೇ ನಟ್ಟು, ಬೋಲ್ಟು, ವಾಷರು, ಅದೇ ಗಿರಾಕಿಗಳು. ಹಳೇ ನಟ್ಟೊಂದನ್ನು ಮುಷ್ಟಿಯಲ್ಲಿ ಹಿಡಿದು ಬಂದು, ‘ಇದರದ್ದೇ ಜೋಡಿ ಕೊಡಿ’ ಅನ್ನುತ್ತಾರೆ, ಸಂಬಂಧ ಕುದುರಿಸಲು ಬಂದವರ ಹಾಗೆ. ಅಂಗಡಿಯ ಯಜಮಾನರಿಗೆ ನನ್ನ ಮುಖ ನೋಡಿ ನೋಡಿ ಸಾಕಾಗಿತ್ತೆಂದು ಕಾಣುತ್ತದೆ. ಒಂದು ದಿನ, “ಏನಮ್ಮಾ, ಅಂಗಡಿ ಬಿಟ್ರೆ ಮನೆ, ಮನೆ ಬಿಟ್ರೆ ಅಂಗಡಿ. ಲೈಬ್ರರಿ ಮಹಡಿ ಮೇಲೆ ಫೋಟೋ ಕ್ಲಾಸ್ ಶುರುವಾಗಿದೆಯಂತೆ, ಹೋಗಿ ಬಾ” ಎಂದರು. ನಿಮ್ಮ ಕ್ಯಾಮೆರಾ ಬೀರುವಿನ ಮೇಲೆ ಧೂಳು ತಿನ್ನುತ್ತಿತ್ತು. ಒರೆಸಿ, ಚಾರ್ಜ್ ಮಾಡಿ, ತೆಗೆದುಕೊಂಡು ಹೋದೆ. ನಿಮ್ಮನ್ನು ಕೇಳದೆ ಮುಟ್ಟಿದೆನೆಂದು ಮುನಿಸಿಕೊಳ್ಳಬೇಡಿ.

ಕಲಿಸುವವರು ಸ್ಟುಡಿಯೋ ಇಟ್ಟಿದ್ದ ಒಬ್ಬರು ಹಿರಿಯರು. ಎಲ್ಲರೂ ಮೇಷ್ಟ್ರು ಅನ್ನುತ್ತಾರೆ. ನನ್ನ ಪಕ್ಕದ ಕುರ್ಚಿಯಲ್ಲಿ ಕೂರುವಾಕೆ ಬಸ್ ಕಂಡಕ್ಟರ್ ಆಗಿ ನಿವೃತ್ತಿಯಾದವರು. ಮಾತಾಡಿದರೆ ಕೊನೆಯ ಸೀಟಿನವರೆಗೂ ಕೇಳಿಸಬೇಕು, ಅಂಥ ಗಂಟಲು. ಮೊದಲ ಪಾಠಕ್ಕೆ ಮೇಷ್ಟ್ರು ಹೇಳಿದ್ದಿಷ್ಟೆ: “ಮನೇಲಿ ದಿನಾ ನೋಡೋ ಸಾಮಾನುಗಳನ್ನೇ ನೋಡಿ. ವೃತ್ತ, ತ್ರಿಕೋನ, ಚೌಕ ಹುಡುಕಿ ತೆಗೀರಿ. ಮುಂದಿನ ವಾರ ಎಲ್ಲರ ಚಿತ್ರಾನೂ ಮೇಜಿನ ಮೇಲೆ ಹರಡೋಣ. ಎಲ್ಲರೂ ಒಂದೊಂದು ಮಾತು ಹೇಳ್ಬೇಕು. ಚೆನ್ನಾಗಿದೆ ಅನ್ನೋದು ಮಾತಲ್ಲ.”

ಆ ಭಾನುವಾರ ಇಡೀ ದಿನ ನಾನು ಹುಡುಕಿದೆ. ಹೊತ್ತು ಹೋದದ್ದೇ ತಿಳಿಯಲಿಲ್ಲ. ಬಚ್ಚಲಿನ ಜಾಲರಿಯ ವೃತ್ತ, ಮಡಿಸಿಟ್ಟ ಕುರ್ಚಿಯ ಕಾಲುಗಳ ನಡುವಿನ ತ್ರಿಕೋನ, ಸ್ಟೂಲಿನ ಅಡಿ, ಊಟದ ಮೇಜು, ಬೀರುವಿನ ಬೀಗದ ತಗಡು. ಎಷ್ಟು ಕಾಲದ ಮೇಲೆ ನನ್ನ ಕೈಗಳಿಗೆ ನಿಜವಾಗಿ ಒಂದು ಕೆಲಸ ಸಿಕ್ಕಿತ್ತೋ.

ಚಿತ್ರಗಳನ್ನು ಹರಡಿದಾಗ ನನ್ನವುಗಳ ಸುತ್ತ ಜನ ಸೇರಿದರು. ಒಬ್ಬರು ಬೆಳಕಿನ ಬಗ್ಗೆ ಹೇಳಿದರು, ಇನ್ನೊಬ್ಬರು ಜಾಲರಿಯ ವೃತ್ತ ಒಂದು ಬಾವಿಯಷ್ಟು ದೊಡ್ಡದಾಗಿ ಕಾಣುತ್ತದೆ ಎಂದರು. ಕಂಡಕ್ಟರಮ್ಮ ಮಾತ್ರ ಕನ್ನಡಕ ಏರಿಸಿ, ಊಟದ ಮೇಜಿನ ಚಿತ್ರ ಕೈಗೆತ್ತಿಕೊಂಡು, “ಇದನ್ನ ಕೂತ್ಕೊಂಡು ತೆಗೆದ್ಯಾ?” ಎಂದು ಕೇಳಿದರು.

“ಇಲ್ಲ, ನಿಂತ್ಕೊಂಡೇ ತೆಗೆದಿದ್ದು” ಎಂದೆ. ನನಗೆ ನೆನಪಿದ್ದದ್ದು ಹಾಗೆಯೇ.

ಮೇಷ್ಟ್ರು ಚಿತ್ರ ಇಸಿದುಕೊಂಡು ನೋಡಿದರು. “ನಿಂತವರಿಗೆ ಮೇಜಿನ ಮೇಲ್ಭಾಗ ಕಾಣ್ಬೇಕಲ್ಲಮ್ಮ. ಇಲ್ಲಿ ಬರೀ ಅಂಚು ಕಾಣ್ತಿದೆ, ಅದರ ಕೆಳಗಿನ ಹಲಗೆ ಕಾಣ್ತಿದೆ. ಕ್ಯಾಮೆರಾ ಮೇಜಿಗಿಂತ ಕೆಳಗಿತ್ತು. ಇದೊಂದೇ ಅಲ್ಲ, ನೋಡಿ, ಎಲ್ಲಾದ್ರಲ್ಲೂ ಅದೇ ಎತ್ತರ.” ಒಂದರ ಪಕ್ಕ ಒಂದು ಜೋಡಿಸಿ ತೋರಿಸಿದರು. ಬೀಗದ ತಗಡನ್ನು ಕೂಡ ತಲೆಯೆತ್ತಿ ನೋಡಿದ ಹಾಗಿತ್ತು.

ನನಗೆ ಸಿಟ್ಟು ಬಂತು. ನನ್ನ ಮನೆಯಲ್ಲಿ ನಾನು ಹೇಗಿದ್ದೆನೆಂದು ಇವರು ಹೇಳುವುದೇ? ಚಿತ್ರಗಳನ್ನು ಬಾಚಿಕೊಂಡು ಹೊರಟು ಬಂದೆ. ಒಗೆಯುವ ಬಟ್ಟೆಗಳ ರಾಶಿಯಲ್ಲಿ ಭಾನುವಾರ ಹಾಕಿಕೊಂಡಿದ್ದ ಕರಿ ಪೈಜಾಮ ಸಿಕ್ಕಿತು. ಎರಡೂ ಮಂಡಿಗಳ ಜಾಗ ಬೆಳ್ಳಗಾಗಿತ್ತು. ನೆಲದ ಮೇಲೆ ತೆವಳಿದ ಹಾಗೆ ಧೂಳು ಮೆತ್ತಿತ್ತು. ಪೈಜಾಮ ಹಿಡಿದುಕೊಂಡು ಬಚ್ಚಲಿನ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದೆ. ನನಗೆ ಮೊಣಕಾಲೂರಿದ ನೆನಪೇ ಇಲ್ಲ, ಈಗಲೂ ಇಲ್ಲ. ಆ ಇಡೀ ದಿನ ಈ ಮನೆಯಲ್ಲಿ ಓಡಾಡಿದ್ದು ನಾನೇನಾ ಅನ್ನಿಸಿತು.

ಹಟಕ್ಕೆ ಬಿದ್ದು ಮತ್ತೆ ತೆಗೆದೆ. ಈ ಸಲ ಬೆನ್ನನ್ನು ಗೋಡೆಗೆ ಆನಿಸಿ, ನೆಟ್ಟಗೆ ನಿಂತು, ಅದೇ ಮೇಜು, ಅದೇ ಸ್ಟೂಲು. ಮುಂದಿನ ವಾರ ಮೇಷ್ಟ್ರು ನೋಡಿ, “ಅಚ್ಚುಕಟ್ಟಾಗಿವೆ. ಆದ್ರೆ ಮನೇಲಿ ಯಾರೂ ಇದ್ದ ಹಾಗಿಲ್ಲ. ಹೋದ ಸಲದ್ದರಲ್ಲಿ ಯಾರೋ ಇದ್ರು” ಎಂದರು.

ಕಂಡಕ್ಟರಮ್ಮ ನಕ್ಕರು. “ಹೋದ ಸಲದ್ದು ಮಗು ಎತ್ತರ ಅಲ್ವಾ ಮೇಷ್ಟ್ರೇ? ಬಸ್ಸಲ್ಲಿ ಟಿಕೆಟ್ ಕೇಳಬೇಕಾ ಬೇಡ್ವಾ ಅಂತ ನಾನು ದಿನಾ ಅಳೀತಿದ್ದ ಎತ್ತರ ಅದು. ಏನಮ್ಮಾ, ಮನೇಲಿ ಮಗು ಇದ್ಯಾ?”

ನಾನು “ಇದೆ” ಎಂದೆ.

ಯಾಕೆ ಹಾಗಂದೆನೋ, ನನಗೆ ತಿಳಿಯದು. ಬಾಯಿಂದ ಬಂತು. “ಎಷ್ಟು ವಯಸ್ಸು?” ಎಂದರು. “ನಾಲ್ಕು. ಹೆಣ್ಣು ಮಗು” ಎಂದೆ. ಎಲ್ಲರ ಮುಖದಲ್ಲೂ ನಗೆ ಮೂಡಿತು. ಮಗುವಿನ ಕಣ್ಣಿಂದ ಮನೆ ನೋಡಿದ್ದೀರಿ, ಎಷ್ಟು ಚೆಂದದ ಯೋಚನೆ ಎಂದು ಹೊಗಳಿದರು. ನಾನು ಹೌದು ಹೌದು ಎಂದು ತಲೆಯಾಡಿಸುತ್ತ ಕೂತೆ. ನಿಜ ಹೇಳುತ್ತೇನೆ, ಬಹಳ ಹಾಯೆನಿಸಿತು. ಆ ಕೋಣೆಯಲ್ಲಿ, ಆ ಜನರ ನಡುವೆ, ಅವಳು ಮನೆಯಲ್ಲಿ ನನಗಾಗಿ ಕಾಯುತ್ತಿದ್ದಳು. ಬರುವಾಗ ದಾರಿಯಲ್ಲಿ ಬೇಗ ಬೇಗ ಹೆಜ್ಜೆ ಹಾಕಿದೆ.

ನಂತರದ ವಾರ ಕಂಡಕ್ಟರಮ್ಮ ಕಾಗದದಲ್ಲಿ ಸುತ್ತಿದ ಎರಡು ಕೆಂಪು ಕ್ಲಿಪ್ಪು ತಂದಿದ್ದರು. “ನಿನ್ನ ಮಗಳಿಗೆ. ನಾನೇ ಕೊಡ್ತೀನಿ, ನಡಿ, ಮನೆ ಇಲ್ಲೇ ಅಲ್ವಾ?” ಬೇಡವೆಂದರೆ ಕೇಳುವ ಹೆಂಗಸಲ್ಲ ಅದು. ದಾರಿಯುದ್ದಕ್ಕೂ ಅವರೇ ಮಾತಾಡಿದರು. ನಾನು ಪ್ರತಿ ತಿರುವಿನಲ್ಲೂ ಈಗ ಹೇಳುತ್ತೇನೆ, ಈಗ ಹೇಳುತ್ತೇನೆ ಎಂದುಕೊಂಡೆ. ಬಾಗಿಲು ತೆಗೆದ ಕೂಡಲೇ ಅವರು, “ಎಲ್ಲಿ, ಎಲ್ಲಿ ನಮ್ಮ ಚಿಕ್ಕಮ್ಮಾವ್ರು?” ಎಂದು ಕೂಗಿದರು. ಆ ಕೂಗು ನಡುಮನೆ ದಾಟಿ, ಒಳಗಿನ ಕೋಣೆಗೆ ಹೋಗಿ ನಿಂತಿತು. ಇಬ್ಬರೂ ಕಿವಿಗೊಟ್ಟೆವು. ಅವರ ಜೊತೆ ನಾನೂ ಕಿವಿಗೊಟ್ಟೆ, ನೋಡಿ.

“ಇಲ್ಲ” ಎಂದೆ. “ಎರಡು ವರ್ಷ ಆಯ್ತು. ಜ್ವರ ಬಂತು, ತಲೆಗೇರ್ತು.”

ಅವರು ಅಯ್ಯೋ ಅನ್ನಲಿಲ್ಲ, ನನ್ನ ಕೈ ಹಿಡಿಯಲಿಲ್ಲ. ಯಾಕೆ ಸುಳ್ಳು ಹೇಳಿದೆ ಎಂದೂ ಕೇಳಲಿಲ್ಲ. ಗೋಡೆ ಹಿಡಿದುಕೊಂಡು, ನರಳುತ್ತ, ಮೇಜಿನ ಪಕ್ಕ ನೆಲದ ಮೇಲೆ ಕೂತರು. “ಬಾ, ಕೂತ್ಕೋ. ಎಲ್ಲಿಂದ ತೆಗ್ದೆ ತೋರ್ಸು” ಎಂದರು. ನಾನೂ ಕೂತೆ. ಇಬ್ಬರು ದೊಡ್ಡ ಹೆಂಗಸರು ಮೇಜಿನ ಕೆಳಗೆ ತಲೆ ಹಾಕಿ ಕೂತಿದ್ದನ್ನು ನೀವು ನೋಡಬೇಕಿತ್ತು. ಕಿಟಕಿಯ ಬೆಳಕು ಚೌಕವಾಗಿ ನೆಲದ ಮೇಲೆ ಬಿದ್ದಿತ್ತು. ಅಲ್ಲಿಂದ ಮನೆ ಬಹಳ ದೊಡ್ಡದು. ಬಾಗಿಲು ಎಲ್ಲೋ ದೂರದಲ್ಲಿದೆ.

“ಹೆಸರೇನು?” ಎಂದರು.

“ಮನೇಲಿ ಪಿಟೀಲು ಅಂತಿದ್ವಿ. ಅತ್ರೆ ಹಾಗೇ ಕೊಯ್ಯೋಳು. ಅವರಪ್ಪ ಇಟ್ಟ ಹೆಸರು.”

ಕಂಡಕ್ಟರಮ್ಮ ಗಹಗಹಿಸಿ ನಕ್ಕರು, ನನಗೂ ನಗು ಬಂತು. ಎರಡು ವರ್ಷದಲ್ಲಿ ಆ ಹೆಸರನ್ನು ನಾನು ಜೋರಾಗಿ ಹೇಳಿದ್ದು ಅದೇ ಮೊದಲು. ನೀವು ಹೇಳಿದ್ದಂತೂ ನಾನು ಕೇಳಿಯೇ ಇಲ್ಲ. ನಿಮಗೆ ಅದು ಕಷ್ಟವೆಂದು ಗೊತ್ತು. ಅಷ್ಟು ಎತ್ತರಕ್ಕೆ ಹತ್ತಿ ಕೂತಿರುವುದೂ ಅದಕ್ಕೇ ಎಂದು ಗೊತ್ತು. ನಾನೇನೂ ಅನ್ನುವುದಿಲ್ಲ. ನೀವು ಮೇಲೆ ಹೋದಿರಿ, ನಾನು ನೆಲಕ್ಕೆ ಬಂದೆ, ಅಷ್ಟೇ ವ್ಯತ್ಯಾಸ.

ಕ್ಲಾಸಿಗೆ ಹೋಗಿ ಎಲ್ಲರಿಗೂ ನಿಜ ಹೇಳಿದೆ. ಮೇಷ್ಟ್ರು ಸ್ವಲ್ಪ ಹೊತ್ತು ಕೆಮ್ಮಿ, “ಮೇಜಿನ ಚಿತ್ರದಲ್ಲಿ ಎಡಗಡೆ ಜಾಗ ಜಾಸ್ತಿ ಬಿಟ್ಟಿದ್ದೀರಿ, ಕತ್ತರಿಸ್ಬೇಡಿ, ಹಾಗೇ ಇರ್ಲಿ” ಎಂದರು. ಆ ಪ್ರತಿಯನ್ನೇ ಇದರ ಜೊತೆ ಇಟ್ಟಿದ್ದೇನೆ. ಬಿಡುವಾದಾಗ ನೋಡಿ ನಿಮಗೇನನ್ನಿಸಿತೆಂದು ಬರೆಯಿರಿ. ಚೆನ್ನಾಗಿದೆ ಅನ್ನುವುದು ಮಾತಲ್ಲ.

ಗಾಳಿ ಜೋರಿದ್ದ ದಿನ ಮೇಲೆ ಹತ್ತಬೇಡಿ. ಹೊತ್ತಿಗೆ ಸರಿಯಾಗಿ ಉಣ್ಣಿ. ನಿಮ್ಮನ್ನು ಹೊತ್ತ ಆ ಕಬ್ಬಿಣದ ಗಿಡ ತಣ್ಣಗಿರಲಿ, ನೀವೂ ತಣ್ಣಗಿರಿ.

ಇಂತಿ ನಿಮ್ಮ,
‘ಏಯ್ ಇವಳೇ’

ಮರೆತ ಮಾತು: ಕಂಡಕ್ಟರಮ್ಮ ಆವತ್ತು ಇನ್ನೊಂದು ಪ್ರಶ್ನೆ ಕೇಳಿದ್ದರು. ಮೇಲೆ ಬರೆಯಲು ಧೈರ್ಯ ಬರಲಿಲ್ಲ. “ನೋಡೋಕೆ ಹೇಗಿದ್ಲು? ದುಂಡು ಮುಖಾನಾ, ಉದ್ದಾನಾ?” ಎಂದರು. ದುಂಡು ಎಂದುಬಿಟ್ಟೆ. ಹೇಳಿದ ಮೇಲೆ ತಿಳಿಯಿತು, ಅದು ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ಅವಳ ಅಂಗಾಲು ನೆನಪಿದೆ, ಕತ್ತಿನ ಹಿಂದಿನ ಬೆವರು ನೆನಪಿದೆ, ಅಳು ನೆನಪಿದೆ. ಮುಖ ಇರಬೇಕಾದಲ್ಲಿ ಏನೂ ಇಲ್ಲ. ನಾನು ಅವಳ ಫೋಟೋಗಳನ್ನೇ ನೋಡುತ್ತ ಕೂರುತ್ತೇನೆ, ದೂರ ಇಡಿ ಎಂದು ಡಾಕ್ಟರು ಹೇಳಿದ್ದಕ್ಕೆ ನೀವು ಅವನ್ನೆಲ್ಲ ನಿಮ್ಮ ಜೊತೆ ಒಯ್ದಿರಿ. ನನ್ನ ಒಳ್ಳೆಯದಕ್ಕೇ ಒಯ್ದಿರಿ. ಈಗ ಒಂದನ್ನು ಕಳಿಸಿ. ಅದಕ್ಕೂ ಮನಸ್ಸು ಬಾರದಿದ್ದರೆ ಒಂದು ಸಾಲು ಬರೆಯಿರಿ. ದುಂಡಗಿತ್ತೇ? ಉದ್ದವಿತ್ತೇ?