ಹೊರಗಿನ ಚಿಲಕ

ಮಾರ್ಚ್ ೪, ಬೆಳಿಗ್ಗೆ

ತಂಗಿ ಮೂರನೇ ಸಲ ಬಟ್ಟೆ ಬದಲಾಯಿಸಿದಳು. "ಆಫೀಸರ್ ಥರ ಕಾಣ್ತೀನಾ ಅಕ್ಕ?" ಅವಳ ಹಾಗೆ ಬುದ್ಧಿ ನಿಧಾನವಾಗಿ ಬೆಳೆದ ಹೆಂಗಸರ ಸರ್ಕಾರಿ ವಸತಿಗೃಹ ಇದೆಯಲ್ಲ, ಇವತ್ತು ಅದರ ತಪಾಸಣೆ. ತಂಡದಲ್ಲಿ ಅಂಥವರೇ ಒಬ್ಬರು ಇರಬೇಕೆಂದು ಹೊಸ ನಿಯಮ. ಇವಳನ್ನು ಆರಿಸಿದ್ದಾರೆ. ಜೊತೆಗೆ ನಾನು, ಬಾಲಂಗೋಚಿ.

ಸಂಜೆ

ಮೇಲ್ವಿಚಾರಕಿ ನಗುನಗುತ್ತಲೇ ಎಲ್ಲ ತೋರಿಸಿದರು. ಹೊಸ ಬೆಡ್‌ಶೀಟ್. ಮೂಗಿಗೆ ಹೊಡೆಯುವ ಫಿನಾಯಿಲ್. ತಂಡದ ಮುಖ್ಯಸ್ಥರು ತಲೆಯಾಡಿಸಿದ್ದೇ ಆಡಿಸಿದ್ದು. ಮಲಗುವ ಕೋಣೆಯ ಬಾಗಿಲಲ್ಲಿ ತಂಗಿ ನಿಂತುಬಿಟ್ಟಳು.

"ಚಿಲಕ ಯಾಕೆ ಹೊರಗಿದೆ?"

"ಅವರ ಸೇಫ್ಟಿಗೇ ಪುಟ್ಟಿ," ಅಂದರು ಮೇಲ್ವಿಚಾರಕಿ.

"ನಾನು ಪುಟ್ಟಿ ಅಲ್ಲ. ನಂಗೆ ಮೂವತ್ತೆರಡು."

ಯಾರೋ ಕೆಮ್ಮಿದರು. ತಂಗಿ ಒಳಗೆ ಹೋಗಿ, ಮಂಚದ ಮೇಲಿದ್ದ ಹೆಂಗಸಿನ ಪಕ್ಕ ಕೂತಳು. "ರಾತ್ರಿ ಟಾಯ್ಲೆಟ್‌ಗೆ ಹೋಗ್ಬೇಕು ಅಂದ್ರೆ?"

ಆಕೆ ಮೇಲ್ವಿಚಾರಕಿಯ ಮುಖ ನೋಡಿದಳು. ತಂಗಿಯ ಕೈ ಹಿಡಿದು ಮೆಲ್ಲಗೆ ಬೆಡ್‌ಶೀಟಿನ ಅಡಿಗೆ ತೂರಿಸಿದಳು. ಹಾಸಿಗೆ ಒದ್ದೆ…

ಮಾರ್ಚ್ ೯

ವರದಿ ಬಂತು. 'ತೃಪ್ತಿಕರ.' ಚಿಲಕದ ಸುದ್ದಿಯಿಲ್ಲ, ಹಾಸಿಗೆಯ ಸುದ್ದಿಯಿಲ್ಲ. ತಂಗಿಯ ಸಹಿ ಮಾತ್ರ ಬಾಕಿ. ಹಿಂದೆಯೇ ಮುಖ್ಯಸ್ಥರ ಫೋನು, ಬೆಣ್ಣೆಯಂಥ ದನಿ.

"ನಿಮ್ಮ ತಂಗಿ ಕ್ಯಾಂಡಲ್ ಮಾಡೋಕೆ ಹೋಗ್ತಾರಲ್ಲ ಮೇಡಂ, ಆ ಕೇಂದ್ರಾನೂ ನಮ್ಮ ಇಲಾಖೇದೇ. ಅಲ್ಲಿ ಸೀಟಿಗೆ ತುಂಬಾ ಜನ ಕಾಯ್ತಿದಾರೆ."

ಆ ಕೇಂದ್ರ ಬಿಟ್ಟರೆ ಇವಳಿಗೆ ಹೋಗಲು ಜಾಗವಿಲ್ಲ, ಗೆಳತಿಯರಿಲ್ಲ. "ಸಹಿ ಹಾಕಿಬಿಡು" ಅಂದೆ.

"ಹಾಕಿದ್ರೆ ಆ ಕೋಣೆಯವಳನ್ನ ಯಾರು ಹೊರಗೆ ಬಿಡ್ತಾರೆ?"

ವರದಿಯನ್ನು ಮಡಚಿ ಡ್ರಾಯರಿಗೆ ಹಾಕಿದೆ.

ಮಾರ್ಚ್ ೧೦

ಆ ವರದಿಗೆ ಸಹಿ ಹಾಕಲಿಲ್ಲ. ಕಂಡದ್ದನ್ನು ಅವಳು ಹೇಳಿದಳು, ನಾನು ಬೇರೆ ಹಾಳೆಯಲ್ಲಿ ಬರೆದೆ. ಉಪ್ಪುಖಾರ ಹಚ್ಚಲಿಲ್ಲ. ಇಬ್ಬರೂ ಸಹಿ ಹಾಕಿ ನೇರ ಇಲಾಖೆಯ ಆಯುಕ್ತರಿಗೇ ಕಳಿಸಿದೆವು.

ಮಾರ್ಚ್ ೧೭

ಕೇಂದ್ರದ ಗೇಟಿನಲ್ಲೇ ವಾಚ್‌ಮನ್ ತಡೆದ. "ಇವರನ್ನ ಒಳಗೆ ಬಿಡಬೇಡಿ ಅಂದಿದಾರಕ್ಕಾ. ನಾನೇನ್ ಮಾಡ್ಲಿ." ಒಳಗಿಂದ ಗೆಳತಿಯರು ಕೈ ಬೀಸುತ್ತಿದ್ದರು. ತಂಗಿಯೂ ಬೀಸಿದಳು. ರಜೆ ಅಂದುಕೊಂಡಳೋ ಏನೋ.

ಏಪ್ರಿಲ್ ೨೮

ಆಯುಕ್ತರು ಹೇಳದೆ ಕೇಳದೆ ವಸತಿಗೃಹಕ್ಕೆ ನುಗ್ಗಿದರು, ನಮ್ಮನ್ನೂ ಕರೆದುಕೊಂಡು. ಹಾಡುಹಗಲೇ ಕೋಣೆಗಳಿಗೆ ಚಿಲಕ. ಒಳಗೆ ಜನ. ಬಡಗಿಯನ್ನು ಕರೆಸಿ ನಮ್ಮೆದುರೇ ಎಲ್ಲ ಚಿಲಕ ಕೀಳಿಸಿದರು. ಮೇಲ್ವಿಚಾರಕಿಗೂ ಮುಖ್ಯಸ್ಥರಿಗೂ ಅಮಾನತು. ಅವತ್ತಿನ ಹೆಂಗಸು ಹೊರಗೆ ಬಂದಳು, ಒಳಗೆ ಹೋದಳು, ಮತ್ತೆ ಬಂದಳು. ಸುಮ್ಮನೆ.

ಹೊರಡುವಾಗ ತಂಗಿಯ ಸೀಟಿನ ಮಾತೆತ್ತಿದೆ. "ಅಲ್ಲಿಗೆ ಬೇರೆಯವರನ್ನ ತಗೊಂಡಾಗಿದೆ ಅಮ್ಮ," ಅಂದರು ಆಯುಕ್ತರು. "ಅವರನ್ನ ಹೇಗೆ ತೆಗೀಲಿ? ನೋಡೋಣ."

ಬಸ್ಸಿನಲ್ಲಿ ದಾರಿಯುದ್ದಕ್ಕೂ ತಂಗಿ ಬಡಗಿಯ ಕಥೆಯನ್ನೇ ಹೇಳಿದಳು. ಮನೆಯ ತಿರುವಿನಲ್ಲಿ ಥಟ್ಟನೆ ಕೇಳಿದಳು.

"ನಾಳೆ ಬೆಳಿಗ್ಗೆ ನಾನು ಎಲ್ಲಿಗೆ ಹೋಗ್ಲಿ ಅಕ್ಕ?"

ಹೇಳಿದೆ, ನಾಳೆ ನಾವಿಬ್ಬರೂ ಆಯುಕ್ತರ ಆಫೀಸಿಗೆ ಹೋಗೋಣ, ನಿನ್ನ ಸೀಟಿನ ವಿಷಯ ನೀನು ಹೇಳು, ನಾನು ಬರೀತೀನಿ.