ಕೊಡಲಿ ಮುಟ್ಟದ ಮರ

ಮನೆಯಿಂದ,
ಜೂನ್ ೧೫, ಭಾನುವಾರ

ಪ್ರೀತಿಯ ಅಪ್ಪಾ,

ಮೊಣಕಾಲು ಹೇಗಿದೆ? ಆಪರೇಷನ್ ಆದ ಕಾಲನ್ನು ಮಡಿಸಿ ಎಂದರೆ ನೀವು ಡಾಕ್ಟರಿಗೇ ಪಾಠ ಹೇಳುತ್ತೀರಂತೆ. ಅತ್ತಿಗೆ ಫೋನಿನಲ್ಲಿ ನಕ್ಕೂ ನಕ್ಕೂ ಹೇಳಿದರು. ನಲವತ್ತು ವರ್ಷ ಬಾಗಿಲಿಗೆ ಕೀಲು ಕೂರಿಸಿದ ಮಾತ್ರಕ್ಕೆ ಮೊಣಕಾಲಿನ ಕೀಲೂ ನಿಮ್ಮ ಮಾತು ಕೇಳುವುದಿಲ್ಲ. ಅವರು ಹೇಳಿದಷ್ಟು ಸಲ ಮಡಿಸಿ. ಅಮ್ಮ ಚೆನ್ನಾಗಿದ್ದಾಳೆ. ನೀವಿಲ್ಲದೆ ಮನೆ ಬಿಕೋ ಎನ್ನುತ್ತಿದೆ ಎಂದು ಬಾಯಿಬಿಟ್ಟು ಹೇಳುವವಳಲ್ಲ. ಆದರೆ ದಿನಾ ಮರೆತು ನಿಮ್ಮ ಪಾಲಿನ ಕಾಫಿಯನ್ನೂ ಬೆರೆಸಿ, ಚೆಲ್ಲಲು ಮನಸ್ಸಾಗದೆ ತಾನೇ ಕುಡಿದು, ಹೊಟ್ಟೆ ಉರಿ ಎಂದು ನನ್ನ ಮೇಲೆ ರೇಗುತ್ತಾಳೆ.

ಇನ್ನು ನನ್ನ ಸುದ್ದಿ. ಬೀದಿಯವರು ನನಗೆ ಬೂಷ್ಟಮ್ಮ ಎಂದು ಹೆಸರಿಟ್ಟಿದ್ದಾರೆ. ಇಡಲಿ ಬಿಡಿ, ಸುಳ್ಳೇನಲ್ಲ. ಪ್ರಯೋಗಾಲಯದಲ್ಲಿ ಗಾಜಿನ ತಟ್ಟೆಗಳಲ್ಲಿ ನಾನು ಬೆಳೆಸುವ ಬೂಷ್ಟು ಕೊನೆಗೂ ಕೆಲಸ ಮಾಡಿತು! ಎಲ್ಲಿಂದಲೋ ಬಂದು ಊರನ್ನೇ ನುಂಗುತ್ತಿರುವ, ನಮ್ಮ ಮನೆಯಲ್ಲೂ ಇರುವ ಪರದೇಶಿ ಜಾತಿಯ ಮರವನ್ನು ಪುರಸಭೆಯವರು ಇಷ್ಟು ವರ್ಷ ಕಡಿದದ್ದೇ ಬಂತು. ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲ್ಲಿ ಎನ್ನುವ ಹಾಗೆ, ಒಂದನ್ನು ಕಡಿದರೆ ಬೇರಿನಿಂದ ಹತ್ತು ಏಳುತ್ತಿದ್ದವು. ಈಗ ಕಡಿಯುವುದೇ ಇಲ್ಲ. ತೊಗಟೆಗೆ ಸಣ್ಣ ಕೊಡಲಿಯಿಂದ ಒಂದು ಕಚ್ಚು ಹಾಕಿ, ಬೂಷ್ಟು ಬೆರೆಸಿದ ನೀರು ಬಿಡುತ್ತೇವೆ. ಅದು ಒಳಗೆ ನೀರೇರುವ ದಾರಿಗಳನ್ನೇ ಮುಚ್ಚುತ್ತದೆ. ತುದಿಯ ಎಲೆಗಳು ಮೊದಲು ಜೋಲುತ್ತವೆ, ಆಮೇಲೆ ಬೇರಿನ ಸಮೇತ ಮರವೇ ಹೋಗುತ್ತದೆ. ಪಕ್ಕದ ಬೇರೆ ಜಾತಿಯ ಗಿಡಗಳಿಗೆ ಏನೂ ಆಗಿಲ್ಲ, ಒಂದೊಂದನ್ನೂ ನಾನೇ ನೋಡಿದ್ದೇನೆ. ನಮ್ಮ ಮೇಲಧಿಕಾರಿ ಎಂದೂ ಹೊಗಳದವರು, "ಪರವಾಗಿಲ್ವೇ" ಎಂದರು. ಅವರ ಬಾಯಲ್ಲಿ ಅದು ಹಾರ ಹಾಕಿದಂತೆ.

ಬೀದಿಯಲ್ಲಿ ಮೊದಲು ಹೋದದ್ದು ಎದುರುಮನೆ ಟೈಲರಕ್ಕನ ಮರ. ಪಾಪ, ಅವಳ ಹೊಲಿಗೆ ಮೆಷಿನ್ನು ಬೇಸಿಗೆಯೆಲ್ಲ ಅದರ ನೆರಳಲ್ಲೇ ಇರುತ್ತಿತ್ತು. ಒಪ್ಪಿಗೆ ಕೇಳಲು ಹೋದಾಗ ಒಂದೇ ಮಾತು ಕೇಳಿದಳು: "ನಿಮ್ಮನೇದೂ ಹೋಗುತ್ತೇನಮ್ಮಾ?" ನಮ್ಮದಕ್ಕೆ ಕೊಡಲಿ ಹಾಕುವುದಿಲ್ಲ ಎಂದು ಅಪ್ಪನಿಗೆ ಮಾತು ಕೊಟ್ಟಿದ್ದೇನೆ ಎಂದೆ. ಅವಳು "ಸರಿ, ಹಾಕ್ಕೋ" ಎಂದು ಒಳಗೆ ಹೋದಳು. ಈಗ ಹಗಲಲ್ಲೂ ಲೈಟು ಹಾಕಿಕೊಂಡು ಒಳಗೇ ಹೊಲಿಯುತ್ತಾಳೆ.

ಕಾರು ಹತ್ತುವಾಗ ನೀವು ಅಂದದ್ದು ನನ್ನ ಕಿವಿಯಲ್ಲೇ ಇದೆ: "ನನ್ನ ಮರಕ್ಕೆ ಕೊಡಲಿ ಬಿತ್ತೋ, ನಾನು ವಾಪಸ್ ಬರಲ್ಲ, ಮಗನ ಮನೇಲೇ ಇದ್ದುಬಿಡ್ತೀನಿ." ನೀವು ಹಠ ಹಿಡಿದರೆ ಹಿಡಿದಿರಿ ಎಂದೇ ಲೆಕ್ಕ. ಮರಗೆಲಸದ ಅಂಗಡಿ ತೆರೆದ ವರ್ಷ ತಗಡಿನ ಡಬ್ಬಿಯಲ್ಲಿ ತಂದು ನೆಟ್ಟ ಮರ, ಅದರಡಿಯಲ್ಲೇ ಉಳಿ ಮಸೆದು ನಮ್ಮಿಬ್ಬರನ್ನು ಓದಿಸಿದಿರಿ, ಎಲ್ಲ ಗೊತ್ತು. ಅದರ ಬೇರು ಅಡುಗೆಮನೆಯ ಗೋಡೆ ಸೀಳಿದ್ದೂ ಗೊತ್ತು. ಬಿರುಕು ಕಂಡಲ್ಲೆಲ್ಲ ನೀವು ಒಂದೊಂದು ಶೆಲ್ಫು ಹೊಡೆದಿರಿ. ಈಗ ಅಮ್ಮನ ಡಬ್ಬಿಗಳಿಗಿಂತ ಶೆಲ್ಫುಗಳೇ ಹೆಚ್ಚು.

ಅಪ್ಪಾ, ಮನಸ್ಸು ಗಟ್ಟಿ ಮಾಡಿಕೊಳ್ಳಿ. ನಮ್ಮ ಮರದ ತುದಿ ಜೋತಿದೆ. ನಾನು ಕೊಡಲಿ ಹಾಕಿಲ್ಲ; ಬಂದು ತೊಗಟೆ ಸುತ್ತ ಕೈಯಾಡಿಸಿ ನೋಡಿ, ಒಂದು ಗೀರೂ ಇಲ್ಲ. ರೋಗ ಬಂದದ್ದು ಬೇರಿನಿಂದ. ಟೈಲರಕ್ಕನ ಮರ ನೀವು ಕಿತ್ತುಕೊಟ್ಟ ಬೇರೆ ಸಸಿ ಎಂದು ನೀವೇ ಹೇಳಿದ್ದಿರಿ, ನಾನು ನಂಬಿದ್ದೆ. ಆ ಸಸಿ ಅದೇ ವರ್ಷ ಒಣಗಿತ್ತಂತೆ. ನಿಮಗೆ ಬೇಜಾರಾದೀತು ಎಂದು ಅವಳು ಬಾಯಿಬಿಡಲಿಲ್ಲ. ಅದೇ ಜಾಗದಲ್ಲಿ ಬೀದಿಯಡಿ ನುಸುಳಿ ಎದ್ದದ್ದು ನಮ್ಮ ಮರದ್ದೇ ಬೇರು. ಎರಡೂ ಒಂದೇ ಮರ. ಅಮ್ಮ ಗೋಡೆಯನ್ನೊಮ್ಮೆ, ಮರವನ್ನೊಮ್ಮೆ ನೋಡಿ ಒಳಗೆ ಹೋದಳು.

ಅಣ್ಣನಿಗೂ ಅತ್ತಿಗೆಗೂ ನನ್ನ ನೆನಪು ಹೇಳಿ, ಪುಟ್ಟಿಯ ಕೆನ್ನೆಗೊಂದು ಮುತ್ತು. ಮಾತ್ರೆ ತಪ್ಪಿಸಬೇಡಿ. ನಿಮ್ಮ ಆಶೀರ್ವಾದ ಎಂದಿನಂತೆ ಬೈಗುಳದ ಜೊತೆಗೇ ಇರಲಿ.

ನಿಮ್ಮ ಮಗಳು,
ಬೂಷ್ಟಮ್ಮ

ತಾ.ಕ.: ಕವರು ಅಂಟಿಸಲು ಕೈ ಬರುತ್ತಿಲ್ಲ, ಮೇಲೆ ಬರೆದದ್ದು ಅರ್ಧವೇ. ಟೈಲರಕ್ಕ ಸಸಿಯ ವಿಷಯ ಹೇಳಿದಾಗ ಅವಳ ಮರ ಎಲೆ ಉದುರಿಸತೊಡಗಿತ್ತಷ್ಟೆ, ರೋಗ ಇನ್ನೂ ಬೀದಿ ದಾಟಿರಲಿಲ್ಲ. ಅಂದೇ ಎರಡರ ನಡುವೆ ಬೀದಿ ಅಗೆದು ಬೇರು ತುಂಡರಿಸಿದ್ದರೆ ನಮ್ಮದು ಉಳಿಯುತ್ತಿತ್ತು. ಸಲಿಕೆ ಹಿಡಿದು ಬೀದಿಗೂ ಇಳಿದಿದ್ದೆ. ಅವಳು ಕಿಟಕಿಯಲ್ಲಿ ಲೈಟಿನಡಿ ಹೊಲಿಯುತ್ತಿದ್ದಳು. ನಾನು ಅಗೆಯಲಿಲ್ಲ. ಮರೆತದ್ದಲ್ಲ, ಬೇಕೆಂದೇ ಬಿಟ್ಟದ್ದು. ಊರಿಗೊಂದು ನ್ಯಾಯ, ನಮ್ಮ ಮನೆಗೊಂದು ನ್ಯಾಯ ನನ್ನಿಂದ ಆಗಲಿಲ್ಲ. ಕೊಡಲಿ ಹಾಕಲಿಲ್ಲ ಎಂಬ ಮಾತು ತೋರಿಸಿ ನಿಮ್ಮನ್ನು ಕರೆಸಿಕೊಳ್ಳುವುದೂ ನನಗೆ ಬೇಡ. ಬೈಯುವುದಿದ್ದರೆ ಫೋನಿನಲ್ಲಿ ಬೇಡ, ದಾರಿಯುದ್ದಕ್ಕೂ ಬೈಯಿರಿ. ಶನಿವಾರ ನಾನೇ ಬರುತ್ತಿದ್ದೇನೆ. ಬರುವುದಕ್ಕೆ ಒಂದು ಟಿಕೆಟ್, ವಾಪಸಿಗೆ ಎರಡು ಮಾಡಿಸಿಯಾಗಿದೆ.