ಕ್ಲಾಂಪ್ ಹಾಕಿದ ಉಕ್ಕಿನ ಹಗ್ಗ

ಅಣ್ಣಾ,

ಬಲಗಣ್ಣಿನ ಪಟ್ಟಿ ಬಿಚ್ಚಿದರು. ಏನೂ ಕಾಣುತ್ತಿಲ್ಲ. ಇನ್ನು ನಿನ್ನ ಮುಖವನ್ನು ಅರ್ಧ ನೋಡಿದರೆ ಸಾಕು. ಅಷ್ಟರ ಮಟ್ಟಿಗೆ ನಾನು ಪುಣ್ಯವಂತ.

ಕೆಸರಿನಿಂದ ಜೀಪು ಎಳೆಯುವಾಗ ತುಂಡಾಗಿ ನನಗೆ ಬಡಿದ ಅದೇ ಉಕ್ಕಿನ ಹಗ್ಗಕ್ಕೆ ಕ್ಲಾಂಪ್ ಹಾಕಿ ಜೋಡಿಸಿ, ಮತ್ತೆ ಗಾಡಿ ಎಳೆಯುವ ವಿಂಚ್ ರಾಟೆಗೆ ಸುತ್ತಿದ್ದೀಯಂತೆ, ಭಾವ ಹೇಳಿದರು. ಸಿಂಥೆಟಿಕ್ ಹಗ್ಗ ತಾ, ತುಂಡಾದರೂ ಇಷ್ಟು ಜೋರಾಗಿ ಬಡಿಯುವುದಿಲ್ಲ ಎಂದರೆ, "ಅದು ಬಟ್ಟೆ ಒಣಗಿಸೋಕೆ ಕಣೋ" ಅನ್ನುತ್ತೀಯ.

ನಾಳೆ ಹಗ್ಗದ ಪಕ್ಕ ನನ್ನ ಜಾಗದಲ್ಲಿ ಭಾವ ನಿಲ್ಲುತ್ತಾರೆ. ಹಗ್ಗದ ಮೇಲೆ ದಪ್ಪ ಕಂಬಳಿಯನ್ನಾದರೂ ಹೊದಿಸು, ತುಂಡಾದರೆ ಹಾರದೆ ನೆಲಕ್ಕೆ ಬೀಳಲಿ. ನೀನು ಹೊದಿಸುವುದಿಲ್ಲ, ಗೊತ್ತು; ಗಿರಾಕಿಗಳ ಮುಂದೆ ಅದು ನಿನಗೆ ಪುಕ್ಕಲುತನ.

ಇಲ್ಲಿ ಪಕ್ಕದ ಹಾಸಿಗೆ ಖಾಲಿಯಾಗಿದೆ. ಯಾರಿಗೂ ಕೊಡಬೇಡಿ ಎಂದು ನರ್ಸಮ್ಮನಿಗೆ ಹೇಳಿಟ್ಟಿದ್ದೇನೆ.

ನಿನ್ನ ತಮ್ಮ